ಮಂಡಕ್ಕಿ ಭಟ್ಟಿ ಕಡೆ ಶುಗರ್ ತಡೆಯೋ ಕ್ಯಾಂಪ್: ಮಾಡಿದೋರು ಅನುಭವ ಹೇಳ್ರಿ

ದಾವಣಗೆರೇಲಿ ಮಂಡಕ್ಕಿ ಭಟ್ಟಿ ಸುತ್ತಮುತ್ತ ಮುಸ್ಲಿಂ ಮನೆಗಳಿಗೆ ಅಂತ ಎರಡು ಸಲ ಕ್ಯಾಂಪ್ ಮಾಡಿದ್ವಿ, ಹೆಂಗಸರು ಬರಲೇ ಇಲ್ಲ. ಏನು ತಪ್ಪಾತು?

ಅಕ್ಕ, ನಮಗೂ ಮೊದಲು ಹಿಂಗೇ ಆಗಿತ್ತು. ಬೆಳಿಗ್ಗೆ ಹನ್ನೊಂದಕ್ಕೆ ಶಾಮಿಯಾನ ಹಾಕಿ ಕೂತ್ರೆ ಒಲೆ ಮುಂದಿಂದ ಎದ್ದು ಯಾರು ಬರ್ತಾರೆ ಹೇಳ್ರಿ, ಅದರ ಮೇಲೆ ನಾವು ಮೈಕಲ್ಲಿ ಹೆಸರು ಕೂಗಿ ರಿಪೋರ್ಟ್ ಕೊಟ್ವಿ, ಅದೇ ದೊಡ್ಡ ತಪ್ಪು. ಮದುವೆ ವಯಸ್ಸಿನ ಹುಡುಗಿ ಇರೋ ಮನೇಲಿ ಶುಗರ್ ಐತೆ ಅಂತ ಓಣಿಗೆಲ್ಲ ಗೊತ್ತಾದ್ರೆ ಸಂಬಂಧ ತಪ್ಪುತ್ತೆ ಅನ್ನೋ ಭಯ ಅವರಿಗೆ. ಒಬ್ರು ಆಪಾ ನನ್ನ ಕೈ ಹಿಡ್ಕೊಂಡು ಹೇಳಿದ್ಮೇಲೇ ನನಗೆ ಅರ್ಥ ಆಗಿದ್ದು.

ಆಮೇಲೆ ಅಲ್ಲೇ ಬಟ್ಟೆ ಹೊಲಿಯೋ ಒಬ್ರು ಖಾಲಾನ ಜೊತೆ ಸೇರಿಸ್ಕೊಂಡ್ವಿ. ಸೊಂಟದ ಸುತ್ತಳತೆ ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90 ದಾಟಿದ್ರೆ ಹುಷಾರಾಗಬೇಕಲ್ಲ, ಆ ಟೇಪು ನಮ್ಮ ಕೈಲಿದ್ರೆ ಮುಜುಗರ, ಖಾಲಾ ಕೈಲಿ ದಿನಾ ಇರೋದೇ. ಅವರ ಮನೇಲೇ ಮಧ್ಯಾಹ್ನ ಮೂರಕ್ಕೆ ಕೂರ್ತಿದ್ವಿ.

ಪ್ರಿಂಟ್ ಮಾಡಿಸಿದ ಊಟದ ಚೀಟೀಲಿ ಓಟ್ಸು, ಸಲಾಡ್ ಇತ್ತು, ಎತ್ತಿಟ್ವಿ. ದಿನಕ್ಕೆ ಎಷ್ಟು ಚಾ ಅಂತ ಕೇಳಿದ್ವಿ. ಆರು ಲೋಟ, ಲೋಟಕ್ಕೆ ಎರಡು ಚಮಚ, ಹತ್ತತ್ರ 50 ಗ್ರಾಂ ಸಕ್ಕರೆ ಆತು, ಲೆಕ್ಕ ಅವರೇ ಹಾಕಿದ್ರು, ಮರುವಾರಕ್ಕೆ ಕೆಲವರು ಒಂದು ಚಮಚಕ್ಕೆ ಇಳಿಸಿದ್ರು. ಬಿರಿಯಾನಿ ಬಿಡ್ರಿ ಅಂತ ಮಾತ್ರ ಹೇಳಬೇಡ್ರಿ, ಅನ್ನ ಒಂದು ಸೌಟು ಕಮ್ಮಿ ಮಾಡಿ ಕಚಂಬರ್ ಜಾಸ್ತಿ ಹಾಕ್ಕೊಳ್ರಿ ಅನ್ರಿ. ರಸ್ತೇಲಿ ವಾಕಿಂಗ್ ಆಗಲ್ಲ ಅಂದೋರು ಸಂಜೆ ಮಗ್ರಿಬ್ ನಮಾಜ್ ಆದ್ಮೇಲೆ ತಾರಸಿ ಮೇಲೆ ಅರ್ಧ ಗಂಟೆ ನಡೀತಾರೆ, ಐದು ದಿನಕ್ಕೆ 150 ನಿಮಿಷ. ಇಷ್ಟರಿಂದ ಏನಾಗುತ್ತೆ ಅನ್ನೋರಿಗೆ ನಾನು ಚೆನ್ನೈನೋರ ಅಧ್ಯಯನ ಹೇಳ್ತೀನಿ, 2006ರಲ್ಲಿ ಪ್ರಕಟ ಆಗಿದ್ದು, ಶುಗರ್ ಅಂಚಲ್ಲಿದ್ದೋರು ಬರೀ ಊಟ, ನಡಿಗೆ ಸರಿ ಮಾಡ್ಕೊಂಡಿದ್ದಕ್ಕೇ ಕಾಯಿಲೆ ಬರೋದು 28.5% ಕಮ್ಮಿ ಆತು, ಮಾತ್ರೆ ಇಲ್ದೆ.

ರಂಜಾನಿಗೆ ಒಂದು ತಿಂಗಳು ಮುಂಚೇನೇ ಮಸೀದಿ ಇಮಾಮ್ ಸಾಹೇಬ್ರನ್ನ ಕಾಣ್ರಿ. ಬೆರಳು ಚುಚ್ಚಿ ಶುಗರ್ ನೋಡಿದ್ರೆ ರೋಜಾ ಮುರಿಯಲ್ಲ ಅಂತ ಅವರ ಬಾಯಲ್ಲಿ ಬರಬೇಕು, ನಮ್ಮ ಮಾತು ನಡೆಯಲ್ಲ. ಈಗಾಗಲೇ ಮಾತ್ರೆ ನುಂಗೋರು ರೋಜಾ ಹಿಡಿಯೋಕೆ ಮುಂಚೆ ಡಾಕ್ಟರ್ ಹತ್ರ ಹೋಗಲೇಬೇಕು, ಇದನ್ನ ಮನೆಮನೆಗೆ ಹೇಳ್ರಿ.

ಇನ್ನೊಬ್ರು: ನಾನು ಹೊಳಲ್ಕೆರೆ ಕಡೆ ಲಂಬಾಣಿ ತಾಂಡಾದಲ್ಲಿ ಮಾಡಿದ್ದು. ಕಾಫಿ ಕೊಯ್ಲಿನ ಟೈಮಲ್ಲಿ ಹೋದ್ರೆ ಅರ್ಧ ಮನೆಗೆ ಬೀಗ, ಕಾಫಿ ತೋಟಕ್ಕೆ ದುಡಿಯೋಕೆ ಹೋಗಿರ್ತಾರೆ. ಹಬ್ಬಕ್ಕೆ ಊರಿಗೆ ಬಂದಾಗ ಹಿಡೀರಿ. ಅಜ್ಜಿಯರಿಗೆ ನಮ್ಮ ಕನ್ನಡ ಪೂರ್ತಿ ತಿಳಿಯಲ್ಲ, ಹೈಸ್ಕೂಲ್ ಓದೋ ತಾಂಡಾ ಹುಡುಗೀನೇ ಅವರ ಮಾತಲ್ಲಿ ಹೇಳ್ಲಿ.