ಕಾಳಿ ನದಿ ಲಾಂಚಿನ ಈ ಫೋಟೋ ಯಾವ ಕಾಲದ್ದು?

ಕೋಡಿಬಾಗ ಹುಡ್ಗ: ಕಾರವಾರದ ಹಳೇ ಫೋಟೋ ಒಟ್ಟು ಮಾಡ್ತಾ ಇದ್ದೀವಲ್ಲ, ನಿನ್ನೆ ಒಬ್ರ ಮನೇಲಿ ಇದು ಸಿಕ್ತು. ಕೋಡಿಬಾಗದಲ್ಲಿ ನದಿ ದಾಟಿಸೋ ಲಾಂಚ್ ಹತ್ತೋಕೆ ನಿಂತ ಜನ, ಆಚೆ ದಡದಲ್ಲಿ ಸದಾಶಿವಗಡದ ಗುಡ್ಡ, ಸೇತುವೆ ಇಲ್ಲ. ಮಬ್ಬಾಗಿತ್ತು ಅಂತ ಎಐ ಆ್ಯಪಲ್ಲಿ ಕಲರ್ ಮಾಡಿದೀನಿ. "1940ರ ಕಾರವಾರ" ಅಂತ ಹೆಸರು ಕೊಟ್ಟಿದೀನಿ.

ಕಾಳಿ ತೀರ: 1940 ಅಂತ ಯಾರು ಹೇಳಿದ್ರು ಮಾರಾಯ್ರೆ? ಸೇತುವೆ ಬಂದದ್ದೇ 80ರ ದಶಕದಲ್ಲಿ, 2024ರ ಆಗಸ್ಟ್ 6ರ ಮಧ್ಯರಾತ್ರಿ ದಾಟಿದ ಮೇಲೆ ಲಾರಿ ಸಮೇತ ಕುಸಿದು ಬಿತ್ತಲ್ಲ, ಅದೇ. ಅಲ್ಲೀತನಕ ಗೋವಾ ಕಡೆ ಹೋಗೋರು ನದಿ ದಾಟ್ಬೇಕು ಅಂದ್ರೆ ನೀರಲ್ಲೇ ಹೋಗ್ಬೇಕಿತ್ತು. ಒರಿಜಿನಲ್ ಹಾಕಿ. ಎಡಗಡೆ ಬಸ್ಸಿನ ಮೇಲೆ ಏನೋ ಬರೆದಿತ್ತು ಅನ್ಸತ್ತೆ, ಆ್ಯಪು ಅದನ್ನ ಬರೀ ಗೆರೆ ಮಾಡ್ಬಿಟ್ಟಿದೆ.

ಕೋಡಿಬಾಗ ಹುಡ್ಗ: ಹಾಕಿದೀನಿ ನೋಡಿ. ದೊಡ್ಡದು ಮಾಡಿ ನೋಡಿದ್ರೆ "ಮೈಸೂರು ರಾಜ್ಯ" ಅಂತ ಓದ್ಬಹುದು. ತಪ್ಪಾಯ್ತು, ಕಲರಿಂದು ತೆಗೀತೀನಿ.

ರಿಟೈರ್ಡ್ ಮೇಷ್ಟ್ರು: ಅಲ್ಲಿಗೆ ಕಾಲ ಸಿಕ್ಕ ಹಾಗೆ. 1956ರ ನವೆಂಬರ್ 1ರ ತನಕ ನಮ್ಮ ಜಿಲ್ಲೆ ಮುಂಬೈಗೆ ಸೇರಿತ್ತು, 1973ರಲ್ಲಿ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾಯ್ತು. ಹಳೇ ಬೋರ್ಡಿನ ಬಸ್ಸು ಆಮೇಲೂ ಸ್ವಲ್ಪ ದಿನ ಓಡಿರಬಹುದು, ಆದ್ರೆ 1956ಕ್ಕಿಂತ ಮುಂಚಿಂದಂತೂ ಅಲ್ಲ. ಫೋಟೋ ಹಿಂಬದಿ ನೋಡಿದ್ರಾ?

ಕೋಡಿಬಾಗ ಹುಡ್ಗ: ಈಗ ನೋಡ್ದೆ ಸರ್. ಪೆನ್ಸಿಲಲ್ಲಿ ಮರಾಠಿ ಅಕ್ಷರ, "ಲಗ್ನ, ಹಣಕೋಣ" ಅಂತ. ಅಂದ್ರೆ ಇದು ದಿಬ್ಬಣ! ಮುಂದಿರೋ ಹೆಂಗಸರ ತಲೇಲಿ ಅಬ್ಬಲಿಗೆ ದಂಡೆ ಇದೆ, ನಾನು ಇದನ್ನ ಸುಮ್ನೆ ಪ್ರಯಾಣಿಕರು ಅಂದ್ಕೊಂಡಿದ್ದೆ.

ಬೈತ್‌ಕೋಲ್ ನಿವಾಸಿ: ಒಂದು ಮಾತು ಹೇಳ್ತೀನಿ, ಬೇಜಾರಾಗ್ಬೇಡಿ. ಬಂದರು, ದೀಪಸ್ತಂಭ, ಪೇಟೆ ಬೀದಿ ಇಂಥದ್ದು ಮಾತ್ರ ಇಟ್ಕೊಳ್ಳೋಣ. ಮದುವೆ, ಮುಂಜಿ, ನಾಮಕರಣ ಅಂತ ಎಲ್ಲರ ಮನೆ ಆಲ್ಬಮ್ ತುಂಬಿದ್ರೆ ಊರಿನ ಇತಿಹಾಸ ಎಲ್ಲಿ ಹುಡ್ಕೋದು? ಅದೂ ಅಲ್ದೆ ಹೆಂಗಸರ ಮುಖ ಹೀಗೆ ಎಲ್ಲರ ಮುಂದೆ ಹಾಕೋದು ಸರಿ ಅಲ್ಲ.

ಅರ್ಗಾದ ಮಗಳು: ಇದನ್ನ ನಾನು ಒಪ್ಪಲ್ಲ ಅಣ್ಣ. ಸೀಬರ್ಡ್ ನೌಕಾ ಯೋಜನೆಗೆ 1986ರಲ್ಲಿ ಅಡಿಗಲ್ಲು ಹಾಕಿದ್ರು, ಆಮೇಲೆ ನಮ್ಮೂರೇ ಹೋಯ್ತು. ಈಗ ಅಲ್ಲಿ ನೌಕಾನೆಲೆ, ನಾವು ಬೇಲಿ ಆಚೆ ಹೋಗಂಗಿಲ್ಲ. ನಮ್ಮನೆ ಫೋಟೋ ಅಂತ ಯಾರೂ ಬೇರೆ ತೆಗ್ದಿಲ್ಲ, ಮನೆ ಫೋಟೋ ಯಾಕೆ ತೆಗೀತಾರೆ? ಇರೋದು ಅತ್ತೆ ಮದುವೇದು ಒಂದೇ. ಅವರ ಹಿಂದೆ ಕೆಂಪು ಮಣ್ಣಿನ ಜಗಲಿ, ಬಾವಿಕಟ್ಟೆ, ಕಟ್ಟೆ ಮೇಲೆ ಬೋರಲು ಹಾಕಿದ ತಾಮ್ರದ ಕೊಡ. ಆಯಿ ಆ ಫೋಟೋ ಹಿಡ್ಕೊಂಡ್ರೆ ಅತ್ತೆ ಮುಖ ನೋಡೋದೇ ಇಲ್ಲ, ಆ ಬಾವೀನೇ ನೋಡ್ತಾರೆ. ನೀವು ಹೇಳೋ ಇತಿಹಾಸದಲ್ಲಿ ನಮ್ಮೂರು ಬರೋದು ಎಲ್ಲಿಂದ ಹೇಳಿ?

ಬೈತ್‌ಕೋಲ್ ನಿವಾಸಿ: ಇದು ನಂಗೆ ಹೊಳೀಲೇ ಇಲ್ಲ ತಂಗಿ. ಆ ಮಾತು ವಾಪಸ್ ತಗೊಂಡೆ. ಆದ್ರೆ ಮನೆಯವರನ್ನ ಕೇಳ್ದೆ ಯಾವ್ದೂ ಹಾಕ್ಬೇಡಿ, ಅದನ್ನಂತೂ ಬಿಡಲ್ಲ.

ರಿಟೈರ್ಡ್ ಮೇಷ್ಟ್ರು: ಅದು ಸರಿ. ಹೆಸರು ಬೇಡ ಅಂದ್ರೆ ಊರು, ಅಂದಾಜು ವರ್ಷ ಸಾಕು, ಅಂದಾಜು ಅಂತಾನೇ ಬರೀರಿ. ಮಗಳೇ, ಆ ಫೋಟೋ ಆಲ್ಬಮ್ಮಿಗೆ ಅಂಟಿದ್ರೆ ಕೀಳ್ಬೇಡ, ಮೇಲಿನ ಪದರ ಕಿತ್ತು ಬರತ್ತೆ. ಪುಟ ಹಾಗೇ ಇಟ್ಟು ಕಿಟಕಿ ಬೆಳಕಲ್ಲಿ, ಫ್ಲ್ಯಾಶ್ ಇಲ್ದೆ ತೆಗಿ. ವಾಟ್ಸಾಪಲ್ಲಿ ಡಾಕ್ಯುಮೆಂಟ್ ಅಂತ ಕಳ್ಸು, ಬರೀ ಫೋಟೋ ಅಂತ ಕಳ್ಸಿದ್ರೆ ಸಣ್ಣದಾಗಿ ಬಾವಿ ಕಾಣಲ್ಲ.

ಅರ್ಗಾದ ಮಗಳು: ಆಯ್ತು ಸರ್. ಆಯಿನ ಪಕ್ಕ ಕೂರಿಸ್ಕೊಂಡು, ಅವರು ಹೇಳೋದನ್ನೂ ರೆಕಾರ್ಡ್ ಮಾಡಿ ಕಳಿಸ್ತೀನಿ.

ಕಾಳಿ ತೀರ: ಹಣಕೋಣದಲ್ಲಿ ನಮ್ಮ ಮಾವನ ಮನೆ ಇದೆ. ಭಾನುವಾರ ಈ ದಿಬ್ಬಣದ ಫೋಟೋ ಪ್ರಿಂಟ್ ತಗೊಂಡು ಹೋಗ್ತೀನಿ, ಎಪ್ಪತ್ತು ದಾಟಿದವರಲ್ಲಿ ಯಾರಾದ್ರೂ ಗುರ್ತು ಹಿಡೀತಾರೆ.