ಯೋಗ ಕ್ಲಾಸಿಗೆ ಮೊದಲ ಸಲ ಹೊರಟವರಿಗೆ ಏನು ಹೇಳ್ತೀರಿ?

ಪ್ರಶ್ನೆ, ರಾಯಚೂರಿನಿಂದ:
ಸೋಮವಾರದಿಂದ ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ಬೆಳಿಗ್ಗೆ 5.30ಕ್ಕೆ ಯೋಗ ಕ್ಲಾಸ್ ಶುರು. ಹೆಸರು ಕೊಟ್ಟಿದ್ದೇನೆ. ವಯಸ್ಸು 46. ಬಿಪಿ ಮಾತ್ರೆ ತಗೊಳ್ತೀನಿ, ಮೊಣಕಾಲು ಸ್ವಲ್ಪ ಹಿಡಿಯುತ್ತದೆ. ದಿನಾ ಉಡುವುದು ಸೀರೆ. ಏನು ಹಾಕಿಕೊಂಡು ಹೋಗಲಿ, ಏನು ತಿನ್ನಲಿ? ಬಗ್ಗೋಕೆ ಬರದಿದ್ದರೆ ನಗ್ತಾರಾ?

ಗಂಗಾವತಿಯಿಂದ:
ಅಕ್ಕಾ, ನಗೋಕೆ ಅಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ. ಎಲ್ಲರೂ ತಮ್ಮ ತಮ್ಮ ಕಾಲು ಹಿಡಿಯಲು ಒದ್ದಾಡುತ್ತಿರುತ್ತಾರೆ! ಚೂಡಿದಾರ್ ಸಾಕು. ಟಾಪ್ ತೀರಾ ಅಗಲ ಬೇಡ, ಬಗ್ಗಿದರೆ ಮುಖದ ಮೇಲೆ ಬೀಳುತ್ತದೆ. ವೇಲ್ ಬೇಕೇ ಬೇಕು ಅನಿಸಿದರೆ ತುದಿಗಳನ್ನು ಸೊಂಟಕ್ಕೆ ಕಟ್ಟಿಕೊಳ್ಳಿ. ತಲೆಯ ಹಿಂದೆ ಕ್ಲಿಪ್ ಹಾಕಬೇಡಿ, ಅಂಗಾತ ಮಲಗಿದಾಗ ಚುಚ್ಚುತ್ತದೆ. ಜಡೆಯೇ ಒಳ್ಳೆಯದು.

ಸಿಂಧನೂರಿನಿಂದ:
ಬೆಳಗಿನ ಕ್ಲಾಸಿಗೆ ಬರೀ ಹೊಟ್ಟೆಯಲ್ಲಿ ಹೋಗುವುದು ಸಲೀಸು. ಬಿಸಿನೀರು ಒಂದು ಲೋಟ ಕುಡಿದು, ಬಹಿರ್ದೆಸೆ ಮುಗಿಸಿ ಹೊರಡಿ. ಚಹಾ ಇಲ್ಲದೆ ಕಣ್ಣೇ ಬಿಡದ ಮಂದಿ ನಾವು, ಅರ್ಧ ಕಪ್ ಕುಡಿದರೆ ಏನೂ ಆಗಲ್ಲ. ಕಷ್ಟ ಇರುವುದು ಸಂಜೆ ಕ್ಲಾಸಿನವರಿಗೆ. ಹೊಟ್ಟೆ ತುಂಬ ಉಂಡರೆ ಮೂರು ನಾಲ್ಕು ತಾಸು ಬಿಡಬೇಕು. ಐದಕ್ಕೆ ಒಗ್ಗರಣೆ-ಮಿರ್ಚಿ ತಿಂದು ಆರಕ್ಕೆ ಬೋರಲು ಮಲಗಿ ಎದೆ ಎತ್ತುವ ಭುಜಂಗಾಸನ ಹಾಕಿದರೆ ಮಿರ್ಚಿ ಗಂಟಲಿಗೇ ವಾಪಸ್ ಬರುತ್ತದೆ.

ಬಳ್ಳಾರಿಯಿಂದ:
ಬಟ್ಟೆ, ಊಟ ಎಲ್ಲ ಆಮೇಲೆ. ಬಿಪಿ ಮತ್ತು ಮೊಣಕಾಲಿನ ವಿಷಯ ಮೊದಲ ದಿನವೇ, ಕ್ಲಾಸ್ ಶುರುವಾಗುವ ಮುಂಚೆ ಗುರುಗಳಿಗೆ ಹೇಳಿ. ನಾಲ್ಕು ಜನರ ಮುಂದೆ ಯಾಕೆ ಅಂತ ತುಂಬಾ ಜನ ಮುಚ್ಚಿಡುತ್ತಾರೆ. ಹಾಗಿದ್ದರೆ ಹತ್ತು ನಿಮಿಷ ಬೇಗ ಹೋಗಿ ಒಬ್ಬರೇ ಇದ್ದಾಗ ಹೇಳಿ. ಬಿಪಿ ಇರುವವರಿಗೆ ಕಪಾಲಭಾತಿ, ಅಂದರೆ ರಭಸದಿಂದ ಉಸಿರು ಹೊರಹಾಕುವುದು, ಸಾಮಾನ್ಯವಾಗಿ ಬೇಡ ಅನ್ನುತ್ತಾರೆ. ಉಸಿರು ಬಿಗಿ ಹಿಡಿಯುವುದು, ತಲೆಕೆಳಗಾಗುವ ಸರ್ವಾಂಗಾಸನದಂಥವು ಕೂಡ ಬೇಡ. ಎಲ್ಲರೂ ಮಾಡುವಾಗ ನೀವು ಸುಮ್ನೆ ಕಣ್ಣು ಮುಚ್ಚಿ ಕೂತರೆ ತಪ್ಪೇನಿಲ್ಲ. ಯೋಗಕ್ಕೆ ಸೇರಿದೆ ಅಂತ ಮಾತ್ರೆಯನ್ನು ನೀವೇ ಬಿಡಬೇಡಿ, ಅದು ಡಾಕ್ಟರ್ ಹೇಳಬೇಕಾದ ಮಾತು.

ಕಾಲು ಹಿಂದಕ್ಕೆ ಮಡಚಿ ಹಿಮ್ಮಡಿ ಮೇಲೆ ಕೂರುವ ವಜ್ರಾಸನದಲ್ಲಿ ಮೊಣಕಾಲು ನೋಯಬಹುದು. ಮೀನಖಂಡ ಮತ್ತು ತೊಡೆಯ ನಡುವೆ ಮಡಚಿದ ಚಾದರ ಇಟ್ಟುಕೊಂಡು ನೋಡಿ. ಆಗಲೂ ನೋವಿದ್ದರೆ ಕಾಲು ಚಾಚಿ ಕೂತುಬಿಡಿ. ಸ್ನಾಯು ಎಳೆದಂತಾಗುವುದು ಬೇರೆ, ಕೀಲಿನಲ್ಲಿ ಚುಚ್ಚುವುದು ಬೇರೆ. ಚುಚ್ಚಿದರೆ ನಿಲ್ಲಿಸಿ. ಪಕ್ಕದವರ ಕೈ ನೆಲ ಮುಟ್ಟಿದರೆ ಮುಟ್ಟಲಿ, ಅವರ ಸೊಂಟ ಅವರದು.

ಕೊಪ್ಪಳದಿಂದ:
ಮೇಲಿನವರು ಹೇಳದೆ ಬಿಟ್ಟಿದ್ದು: ಮೊಬೈಲ್ ಸೈಲೆಂಟ್ ಮಾಡಿದರೆ ಸಾಲದು, ಆಫ್ ಮಾಡಿ. ಹಲಗೆ ಮೇಲಿಟ್ಟ ಫೋನ್ ಗುರ್ ಅಂದರೆ ಇಡೀ ಹಾಲ್‌ಗೆ ಕೇಳುತ್ತದೆ. ಸೆಂಟ್ ಬೇಡ. ಬೇರೆಯವರ ಮ್ಯಾಟ್ ತುಳಿಯಬೇಡಿ, ಅದರ ಮೇಲೆ ಅವರು ಮುಖ ಇಡುತ್ತಾರೆ, ಅಲ್ವಾ? ತಡವಾದರೆ ಪ್ರಾರ್ಥನೆ ಮುಗಿಯುವವರೆಗೆ ಬಾಗಿಲಲ್ಲಿ ನಿಂತು, ಆಮೇಲೆ ಹಿಂದಿನ ಸಾಲಿಗೆ ಸೇರಿ. ಕೊನೆಗೆ ಅಂಗಾತ ಮಲಗಿ ವಿಶ್ರಮಿಸುವ ಶವಾಸನ ಬಿಟ್ಟು ಎದ್ದು ಓಡುವವರೇ ನನಗೆ ಸಿಟ್ಟು ತರಿಸುವುದು. ಹೋಗಲೇಬೇಕಿದ್ದರೆ ಅದು ಶುರುವಾಗುವ ಮುಂಚೆ ಹೋಗಿ. ಗೊರಕೆ ಬಂದರೆ ಬರಲಿ, ಅದಕ್ಕೆ ಯಾರೂ ಬೈಯಲ್ಲ.

ಶಕ್ತಿನಗರದಿಂದ:
ನಾನು ಶಿಫ್ಟ್ ಕೆಲಸದವನು. ನೈಟ್ ಶಿಫ್ಟ್ ಮುಗಿಸಿ ನೇರವಾಗಿ ಕ್ಲಾಸಿಗೆ ಹೋಗುವುದಿಲ್ಲ. ನಿದ್ದೆಗಣ್ಣಲ್ಲಿ ಒಂಟಿ ಕಾಲಿನ ವೃಕ್ಷಾಸನ ನಿಲ್ಲುವುದಿಲ್ಲ. ಇನ್ನೊಂದು, ನಮ್ಮ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ. ಸಂಜೆ ಮಾಳಿಗೆ ಮೇಲೆ ಕ್ಲಾಸ್ ಅಂದರೆ ಒಪ್ಪಬೇಡಿ, ಕತ್ತಲಾದರೂ ಬಿಸಿ ಇಳಿದಿರುವುದಿಲ್ಲ. ನೀವು ಬೆಳಗಿನ ಹೊತ್ತು ಆರಿಸಿದ್ದು ಒಳ್ಳೆಯದಾಯಿತು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಮ್ಯಾಟ್ ಕೊಳ್ಳಬೇಕಾ, ಮನೆಯ ಜಮಖಾನೆ ಸಾಕಾ?

ಬಳ್ಳಾರಿಯಿಂದ:
ನುಣುಪು ಪರಸಿ ಮೇಲೆ ಜಮಖಾನೆ ಜಾರುತ್ತದೆ. ನಿಂತು ಮಾಡುವ ಆಸನಗಳನ್ನು ಬರಿಗಾಲಲ್ಲಿ ನೆಲದ ಮೇಲೇ ಮಾಡಿ, ಕೂತು ಮಾಡುವಾಗ ಜಮಖಾನೆ ಹಾಸಿ. ಒಂದೆರಡು ವಾರ ಹೋಗಿ ನೋಡಿ. ಮುಂದುವರಿಸುವುದು ಖಾತ್ರಿಯಾದರೆ 6 ಎಂಎಂ ಮ್ಯಾಟ್ ತಗೊಳ್ಳಿ, ನಿಮ್ಮ ಮೊಣಕಾಲಿಗೆ 4 ಎಂಎಂ ತೆಳುವಾಗುತ್ತದೆ.