ಅಕ್ಟೋಬರ್ ರಜೆಯಲ್ಲಿ ಚೀನಾ: ಪ್ರವಾಸದ ಏರ್ಪಾಟು ಮಾಡುವವರನ್ನೇ ಕೇಳಿ

ನಿರ್ವಾಹಕರು: ಅಕ್ಟೋಬರ್ 1ರಿಂದ ಚೀನಾದಲ್ಲಿ ರಾಷ್ಟ್ರೀಯ ದಿನದ ರಜೆ. ಆ ವಾರ ಹೋಗುವವರು, ಅಲ್ಲೇ ಕೆಲಸದಲ್ಲಿದ್ದು ಊರಿಂದ ಅಪ್ಪ ಅಮ್ಮನನ್ನು ಕರೆಸಿಕೊಳ್ಳುತ್ತಿರುವವರು ಇಲ್ಲಿ ಪ್ರಶ್ನೆ ಹಾಕಿ. ಗ್ವಾಂಗ್‌ಝೌನಲ್ಲಿ ಪ್ರವಾಸದ ಏರ್ಪಾಟು ಮಾಡುವ ಶ್ರೀಧರ್ ಉತ್ತರಿಸುತ್ತಾರೆ. ಕೇಳುವ ಮೊದಲು ಮೇಲಿನದನ್ನು ಓದಿ.

ಪ್ರಶಾಂತ್: ಸರ್, ಶೆನ್‌ಝೆನ್‌ನಿಂದ ಬೀಜಿಂಗ್‌ಗೆ ಅ. 1ರ ರೈಲು ಬೇಕು. ಏಜೆಂಟ್ ಒಬ್ಬರು ಈಗಲೇ ಬುಕ್ ಮಾಡಿಕೊಡ್ತೀನಿ ಅಂತಿದ್ದಾರೆ. ಮಾಡಿಸಬಹುದಾ?

ಶ್ರೀಧರ್: ಬೇಡ. ರೈಲ್ವೆಯ 12306 ಆ್ಯಪ್‌ನಲ್ಲಿ ಟಿಕೆಟ್ ಬಿಡುವುದು 15 ದಿನ ಮೊದಲು, ಹೊರಡುವ ದಿನವೂ ಲೆಕ್ಕಕ್ಕೆ ಸೇರುತ್ತೆ. ಅ. 1ರ ರೈಲಿಗೆ ಸೆಪ್ಟೆಂಬರ್ 17. ಎಷ್ಟು ಗಂಟೆಗೆ ಅನ್ನೋದು ನಿಲ್ದಾಣದ ಮೇಲೆ ಹೋಗುತ್ತೆ, ಆ್ಯಪ್‌ನಲ್ಲೇ ನೋಡಿಕೊಳ್ಳಿ. ಅದಕ್ಕೆ ಮುಂಚೆ ಏಜೆಂಟ್ "ಬುಕ್ ಆಯ್ತು" ಅಂದರೆ ನಿಮ್ಮ ಹೆಸರು ಬರೆದುಕೊಂಡಿದ್ದಾನೆ ಅಷ್ಟೇ, ಸೀಟಲ್ಲ. ಈಗ ಮಾಡಬೇಕಾದ್ದು: ಖಾತೆ ತೆರೆದು ಪಾಸ್‌ಪೋರ್ಟ್ ಪರಿಶೀಲನೆ ಮುಗಿಸಿ, ಜೊತೆಗೆ ಬರುವವರ ಹೆಸರನ್ನೂ ಸೇರಿಸಿಡಿ. ನಮ್ಮ ಕಡೆಯ ಎಷ್ಟೋ ಪಾಸ್‌ಪೋರ್ಟ್‌ಗಳಲ್ಲಿ ಸರ್‌ನೇಮ್ ಜಾಗ ಖಾಲಿ. ಅಲ್ಲಿಗೆ ಊರಿನ ಹೆಸರೋ ಅಪ್ಪನ ಹೆಸರೋ ನೀವೇ ತುಂಬಬೇಡಿ, ಪಾಸ್‌ಪೋರ್ಟ್‌ನಲ್ಲಿ ಹೇಗಿದೆಯೋ ಹಾಗೇ ಹಾಕಿ. ಸೀಟು ಮುಗಿದಿದ್ದರೆ ಅದೇ ಆ್ಯಪ್‌ನಲ್ಲಿ ಕಾಯುವ ಪಟ್ಟಿಗೆ ದುಡ್ಡು ಕಟ್ಟಿ ನಿಲ್ಲಿ, ಸಿಗದಿದ್ದರೆ ವಾಪಸ್ ಬರುತ್ತೆ. ಟಿಕೆಟ್ ರದ್ದು ಮಾಡಿದರೆ 8 ದಿನಕ್ಕಿಂತ ಮೊದಲು ಕಡಿತವಿಲ್ಲ, ಆಮೇಲೆ 5%, ಎರಡು ದಿನದೊಳಗೆ 10%, ಕೊನೆಯ 24 ಗಂಟೆಯಲ್ಲಿ 20%.

ಸತೀಶ್: ಸೀಟಿಲ್ಲ ಅಂದ್ರೆ ಚಿಂತೆ ಬೇಡ. ಮುಂದಿನ ಒಂದು ನಿಲ್ದಾಣದ ತನಕ ಟಿಕೆಟ್ ತಗೊಂಡು ಹತ್ತಿ, ಒಳಗೆ ಉಳಿದ ದುಡ್ಡು ಕಟ್ಟಿದರಾಯ್ತು. ಎಲ್ಲರೂ ಹಾಗೇ ಮಾಡ್ತಾರೆ.

ಶ್ರೀಧರ್: ಬೇರೆ ತಿಂಗಳಲ್ಲಿ ನಡೆಯಬಹುದು. ರಜೆಯ ವಾರ ಬೋಗಿ ತುಂಬಿದ್ದರೆ ಟಿಕೆಟ್ ಇರುವ ನಿಲ್ದಾಣದಲ್ಲೇ ಇಳಿಸುತ್ತಾರೆ. ರಾತ್ರಿ ಹತ್ತಕ್ಕೆ ಗೊತ್ತಿಲ್ಲದ ಊರಲ್ಲಿ ಇಳಿದರೆ ರೂಮೂ ಸಿಗಲ್ಲ. ಇಳಿಯುವ ಊರಿಗಿಂತ ಮುಂದಿನವರೆಗೆ ಟಿಕೆಟ್ ತಗೊಂಡು ಮೊದಲೇ ಇಳಿದುಬಿಟ್ಟರೆ ತಪ್ಪಿಲ್ಲ, ದುಡ್ಡು ಜಾಸ್ತಿ ಹೋಗುತ್ತೆ ಅಷ್ಟೇ.

ಮಂಜುಳಾ: ಸರ್, ಭಾರತೀಯರಿಗೆ ಈಗ 240 ಗಂಟೆ ವೀಸಾ ಬೇಡ ಅಂತ ಫಾರ್ವರ್ಡ್ ಬಂದಿದೆ. ಹಾಂಗ್‌ಕಾಂಗ್‌ಗೂ ಅದೇ ನಡೆಯುತ್ತಾ? ಮಕ್ಕಳಿಗೆ ಸಸ್ಯಾಹಾರದ ಊಟ ಎಲ್ಲಿ ಸಿಗುತ್ತೆ ಅಂತಲೂ ಹೇಳಿ.

ಶ್ರೀಧರ್: ಆ ಫಾರ್ವರ್ಡ್ ಸುಳ್ಳು. 240 ಗಂಟೆ ಅನ್ನೋದು ಬೇರೆ ದೇಶಕ್ಕೆ ಹೋಗುವ ದಾರಿಯಲ್ಲಿ ವೀಸಾ ಇಲ್ಲದೆ ಚೀನಾದಲ್ಲಿ ಇಳಿಯುವ ಸೌಲಭ್ಯ, ಅದರ ಪಟ್ಟಿಯಲ್ಲಿ ಭಾರತ ಇಲ್ಲ. ಹೈನಾನ್ ದ್ವೀಪಕ್ಕೆ ವೀಸಾ ಇಲ್ಲದೆ 30 ದಿನ ಹೋಗಬಹುದಾದವರ ಪಟ್ಟಿಯಲ್ಲೂ ಇಲ್ಲ. ವೀಸಾ ಬೇಕೇ ಬೇಕು. ಹಾಂಗ್‌ಕಾಂಗ್‌ಗೆ ಆನ್‌ಲೈನ್‌ನಲ್ಲಿ ಮುಂಗಡ ನೋಂದಣಿ ಮಾಡಿಸಿದರೆ 14 ದಿನ ಇರಬಹುದು. ಎಡವುವುದು ಎಲ್ಲಿ ಅಂದರೆ, ಒಂದೇ ಪ್ರವೇಶದ ಚೀನಾ ವೀಸಾ ಇಟ್ಟುಕೊಂಡು ಶೆನ್‌ಝೆನ್‌ನಿಂದ ಹಾಂಗ್‌ಕಾಂಗ್‌ಗೋ ಮಕಾವ್‌ಗೋ ದಾಟಿದರೆ ಆ ವೀಸಾ ಅಲ್ಲಿಗೇ ಮುಗಿಯಿತು. ಶಾಂಘೈನಿಂದ ವಾಪಸ್ ವಿಮಾನದ ಟಿಕೆಟ್ ಇದ್ದರೂ ಒಳಗೆ ಬಿಡಲ್ಲ. ಎರಡು ಪ್ರವೇಶದ ವೀಸಾ ಕೇಳಿ.

ಲೋಹಿತ್: ವೀಸಾ ಇಲ್ಲದೆ ಹೋಗೋಕಾಗುತ್ತಾ ಸರ್, ನಾಲ್ಕೇ ದಿನ.

ಶ್ರೀಧರ್: ಇಲ್ಲ. ಮೇಲಿನ ಉತ್ತರ ಓದಿ.

ಅಶ್ವಿನಿ: ನಮಸ್ತೆ ಸರ್. ಶಾಂಘೈನಲ್ಲಿದ್ದೀವಿ. ಅಪ್ಪನಿಗೆ 71, ಒಂದು ಮಂಡಿ ಆಪರೇಷನ್ ಆಗಿದೆ. ಅಮ್ಮ ಇನ್ಸುಲಿನ್ ತಗೋತಾರೆ. ಮಗಳಿಗೆ 5 ವರ್ಷ. ಯೋಜನೆ: ಅ. 1 ಸಂಜೆ ಇಲ್ಲಿನ ನದಿದಂಡೆ ಬಂಡ್‌ನಲ್ಲಿ ದೀಪ ನೋಡೋದು, 2ರ ಬೆಳಗ್ಗೆ ಹುವಾಂಗ್‌ಶಾನ್ ಬೆಟ್ಟದಲ್ಲಿ ಸೂರ್ಯೋದಯ, 3ಕ್ಕೆ ಹಾಂಗ್‌ಝೌ ವೆಸ್ಟ್ ಲೇಕ್. ಆಗುತ್ತಾ?

ಶ್ರೀಧರ್: ಅಶ್ವಿನಿ ಅವರೇ, ಈ ಯೋಜನೆ ನನಗೆ ಭಯ ಹುಟ್ಟಿಸುತ್ತಿದೆ. ಒಂದೊಂದಾಗಿ ಹೇಳ್ತೀನಿ, ಪೂರ್ತಿ ಓದಿ.

ಮೊದಲು ಬಂಡ್. 2014ರ ಡಿಸೆಂಬರ್ 31ರ ರಾತ್ರಿ ಅಲ್ಲಿ 36 ಜನ ಸತ್ತರು. ಚೆನ್ ಯಿ ಚೌಕದಿಂದ ನದಿ ನೋಡುವ ಕಟ್ಟೆಗೆ ಹತ್ತುವ ಮೆಟ್ಟಿಲಲ್ಲಿ ಹತ್ತುವವರೂ ಇಳಿಯುವವರೂ ಎದುರಾದರು, ಕೆಳಗಿನ ಮೆಟ್ಟಿಲಲ್ಲಿ ಒಬ್ಬರು ಬಿದ್ದರು, ಹಿಂದಿನವರಿಗೆ ಅದು ಕಾಣಲೇ ಇಲ್ಲ. ಒಂದು ಚದರ ಮೀಟರಿನಲ್ಲಿ ಐದಾರು ಜನ ಆದಮೇಲೆ ನಮ್ಮ ಕಾಲು ನಮ್ಮ ಮಾತು ಕೇಳಲ್ಲ, ಗುಂಪು ಒಯ್ದ ಕಡೆ ಹೋಗಬೇಕು. ಅಲ್ಲಿಂದೀಚೆಗೆ ಪೊಲೀಸರು ಬಿಗಿ ಮಾಡಿದ್ದಾರೆ. ಹೋಗುವ ದಾರಿ ಬೇರೆ, ಬರುವ ದಾರಿ ಬೇರೆ. ಸಿಗ್ನಲ್ ಕೆಂಪಾದರೆ ಸಿಬ್ಬಂದಿ ಕೈಕೈ ಹಿಡಿದು ರಸ್ತೆಗೆ ಅಡ್ಡ ಗೋಡೆಯಂತೆ ನಿಲ್ಲುತ್ತಾರೆ, ಹಸಿರಾದರೆ ಬಿಡುತ್ತಾರೆ. ಹಬ್ಬದ ಸಂಜೆ ಈಸ್ಟ್ ನಾನ್‌ಜಿಂಗ್ ರೋಡ್ ನಿಲ್ದಾಣದಲ್ಲಿ ಮೆಟ್ರೋ ನಿಲ್ಲಿಸುವುದೂ ಇಲ್ಲ. ಅಂದರೆ ಮಂಡಿ ನೋವಿನವರು ಮುಂದಿನ ನಿಲ್ದಾಣದಿಂದ ನಡೆದೇ ಬರಬೇಕು. ಒಮ್ಮೆ ಒಳಹೊಕ್ಕರೆ ಅಪ್ಪ "ಸಾಕು, ಹಿಂದೆ ಹೋಗೋಣ" ಅಂದರೂ ಬಂದ ದಾರಿಯಲ್ಲಿ ತಿರುಗಲು ಬಿಡಲ್ಲ, ಪೂರ್ತಿ ಸುತ್ತಿಯೇ ಹೊರಬರಬೇಕು. ಕೂರಲು ಜಾಗ ಇರಲ್ಲ. ಅಮ್ಮನಿಗೆ ಊಟದ ಹೊತ್ತು ತಪ್ಪಿ ಸಕ್ಕರೆ ಇಳಿದರೆ ಆ ಗುಂಪಿನೊಳಗೆ ಆಂಬುಲೆನ್ಸ್ ಬರಲು ತಡವಾಗುತ್ತೆ. ಅದರ ಬದಲು ಬೆಳಗ್ಗೆ ಆರೂವರೆಗೆ ಬಂಡ್‌ಗೆ ಹೋಗಿ, ಆರಾಮಾಗಿ ನಡೆಯಬಹುದು. ದೀಪವೇ ಬೇಕೆಂದರೆ ನಾರ್ತ್ ಬಂಡ್ ಕಡೆಯಿಂದ ನೋಡಿ, ಅದೂ ರಜೆ ಮುಗಿದ ಮೇಲೆ.

ಹುವಾಂಗ್‌ಶಾನ್ ಸೂರ್ಯೋದಯ ಲೆಕ್ಕಕ್ಕೇ ಕೂರಲ್ಲ. 2ರ ಬೆಳಗ್ಗೆ ಸೂರ್ಯೋದಯ ಬೇಕೆಂದರೆ 1ರ ರಾತ್ರಿ ಬೆಟ್ಟದ ಮೇಲೇ ಮಲಗಿರಬೇಕು, ನೀವು ಆಗ ಬಂಡ್‌ನಲ್ಲಿರುತ್ತೀರಿ. ಶಾಂಘೈನಿಂದ ಹುವಾಂಗ್‌ಶಾನ್ ನಾರ್ತ್ ತನಕ ರೈಲು, ಅಲ್ಲಿಂದ ಬಸ್ಸಿನಲ್ಲಿ ತಾಂಗ್‌ಕೌ, ಅಲ್ಲಿಂದ ಬೆಟ್ಟದವರದೇ ಬಸ್, ಆಮೇಲೆ ಯುನ್‌ಗು ರೋಪ್‌ವೇ. ರಜೆಯಲ್ಲಿ ರೋಪ್‌ವೇ ಸಾಲೇ ಎರಡು ಮೂರು ಗಂಟೆ ತಿನ್ನುತ್ತೆ. ರೋಪ್‌ವೇ ಇದೆ, ಹಾಗಾಗಿ ಹತ್ತುವುದಿಲ್ಲ ಅಂದುಕೊಳ್ಳಬೇಡಿ. ಮೇಲೆ ಇಳಿದ ಮೇಲೆ ಹೋಟೆಲಿಗೂ, ಸೂರ್ಯೋದಯ ನೋಡುವ ಜಾಗಕ್ಕೂ ಕಲ್ಲಿನ ಮೆಟ್ಟಿಲೇ, ಇಳಿಯುವುದು ಮಂಡಿಗೆ ಹತ್ತುವುದಕ್ಕಿಂತ ಕಷ್ಟ. 2023ರ ಮೇ ರಜೆಯಲ್ಲಿ ಕೋಣೆ ಸಿಗದವರು ಬೆಟ್ಟದ ಮೇಲಿನ ಶೌಚಾಲಯದ ನೆಲದಲ್ಲಿ ರಾತ್ರಿ ಕಳೆದರು. ಅಪ್ಪನನ್ನು ಈ ವಾರ ಕರೆದೊಯ್ಯಬೇಡಿ.

ವೆಸ್ಟ್ ಲೇಕ್ ಮಾತ್ರ ಉಳಿಸಿಕೊಳ್ಳಿ. ಬ್ರೋಕನ್ ಬ್ರಿಜ್ ಕಡೆ ಹೋಗಬೇಡಿ, ಎಲ್ಲರೂ ಫೋಟೋಕ್ಕೆ ಅಲ್ಲೇ ನಿಲ್ಲುತ್ತಾರೆ. ಪಶ್ಚಿಮದ ಯಾಂಗ್‌ಗೊಂಗ್ ಕಟ್ಟೆ, ಮಾವ್‌ಜಿಯಾಬು ಕಡೆ ಬೆಳಗ್ಗೆ ಬೇಗ ಹೋಗಿ. ಒಳ್ಳೆಯದು ಅಂದರೆ ಇಡೀ ತಿರುಗಾಟವನ್ನು 9ರ ಮೇಲೆ ತಳ್ಳಿ, ಜನವೂ ಇಳಿಯುತ್ತೆ, ರೂಮಿನ ಬೆಲೆಯೂ ಇಳಿಯುತ್ತೆ.

ಎಲ್ಲಿಗೆ ಹೋದರೂ: ಮಗುವಿನ ಅಂಗಿಯ ಒಳಗೆ ನಿಮ್ಮ ಚೀನೀ ಫೋನ್ ನಂಬರ್ ಹೊಲಿದಿಡಿ. ಅಪ್ಪನ ಜೇಬಲ್ಲಿ ಮನೆಯ ವಿಳಾಸ ಚೀನೀ ಲಿಪಿಯಲ್ಲಿ ಕಾಗದದ ಮೇಲೆ ಇರಲಿ, ಫೋನ್ ಆರಿದರೂ ಅದು ಇರುತ್ತೆ. ಇನ್ಸುಲಿನ್, ಸಕ್ಕರೆ, ಬಿಸ್ಕತ್ತು ಅಮ್ಮನ ಕೈಚೀಲದಲ್ಲೇ. ಹೋಟೆಲಲ್ಲಿ ನಂಬರ್ ಚೀಟಿ ತಗೊಂಡು ಕಾಯಬೇಕು, ಐದು ಗಂಟೆಗೇ ಊಟ ಮುಗಿಸಿ. ನೂಕುನುಗ್ಗಲಾದರೆ ಎರಡೂ ಕೈ ಎದೆಯ ಮುಂದೆ ತನ್ನಿ, ಬಿದ್ದದ್ದನ್ನು ಬಗ್ಗಿ ಎತ್ತಬೇಡಿ, ಗೋಡೆಗೂ ಕಂಬಿಗೂ ಒರಗಬೇಡಿ, ಒತ್ತಡ ಸಡಿಲಾದಾಗಲೆಲ್ಲ ಓರೆಯಾಗಿ ಅಂಚಿನ ಕಡೆ ಸರಿಯಿರಿ. ಪೊಲೀಸ್ 110, ಆಂಬುಲೆನ್ಸ್ 120. ಅಪ್ಪ ಅಮ್ಮ ನಿಮ್ಮ ಮನೆಯಲ್ಲೇ ಇಳಿದರೆ 24 ಗಂಟೆಯೊಳಗೆ ಠಾಣೆಯಲ್ಲಿ ನೋಂದಣಿ ಮಾಡಿಸಿ, ಮರೆಯಬೇಡಿ.

ಅಶ್ವಿನಿ: ತುಂಬಾ ಧನ್ಯವಾದ ಸರ್. ಹುವಾಂಗ್‌ಶಾನ್ ಬಿಟ್ಟೆವು.

ಲೋಹಿತ್: ಸರ್, ನಾನು 3ಕ್ಕೆ ಜಿಯುಝೈಗೌ ನೋಡಬೇಕು ಅಂತಿದ್ದೆ, ಅಮ್ಮನಿಗೆ 66. ಎತ್ತರದಲ್ಲಿ ಉಸಿರು ಕಟ್ಟುತ್ತಂತೆ?

ಸತೀಶ್: ಇದಕ್ಕೆ ಮನೆಮದ್ದಿದೆ, ಫಾರ್ವರ್ಡ್ ಮಾಡ್ತಿದ್ದೀನಿ. ಕರ್ಪೂರ, ಲವಂಗ, ಓಮ ಬಟ್ಟೆಯಲ್ಲಿ ಕಟ್ಟಿ ಮೂಸುತ್ತಿದ್ದರೆ ರಕ್ತದಲ್ಲಿ ಆಮ್ಲಜನಕ ಏರುತ್ತೆ. ಮಕ್ಕಳ ಜೇಬಿಗೂ ಒಂದು ಹಾಕಿ.

ಶ್ರೀಧರ್: ಸತೀಶ್ ಅವರೇ, ಇದನ್ನು ದಯವಿಟ್ಟು ಅಳಿಸಿ. ಕರ್ಪೂರ ಮೂಸಿದರೆ ಆಮ್ಲಜನಕ ಏರಲ್ಲ. ಮೂಗು ತಣ್ಣಗಾಗಿ ಉಸಿರು ಸಲೀಸಾದಂತೆ ಅನ್ನಿಸುತ್ತೆ, ಅಷ್ಟರಲ್ಲಿ ಕೆಳಗಿಳಿಯಬೇಕಾದವರು ಮೇಲೇ ಉಳಿಯುತ್ತಾರೆ. ಸಣ್ಣ ಮಗು ಆ ಕರ್ಪೂರ ಬಾಯಿಗೆ ಹಾಕಿಕೊಂಡರೆ ಫಿಟ್ಸ್ ಬರುತ್ತೆ. ಜೇಬಿಗೆ ಹಾಕಿ ಅಂತ ಬರೆಯಬೇಡಿ.

ಲೋಹಿತ್, ಜಿಯುಝೈಗೌ ಕಣಿವೆಯ ಬಾಗಿಲು ಸುಮಾರು 2,000 ಮೀಟರ್, ಒಳಗೆ ಮೇಲಿನ ತುದಿ 3,100ರ ಹತ್ತಿರ. ಅಲ್ಲಿನ ಜಿಯುಹುವಾಂಗ್ ವಿಮಾನ ನಿಲ್ದಾಣ 3,448 ಮೀಟರ್ ಎತ್ತರದಲ್ಲಿದೆ, ಚೆಂಗ್ಡುವಿನಿಂದ ನೇರ ಅಲ್ಲಿಗೆ ಹಾರಿದರೆ ಇಳಿದ ಕೂಡಲೇ ತಲೆನೋವು ಬರಬಹುದು. 2024ರಿಂದ ರೈಲಿದೆ, ಅದು ಮೇಲು. ಮೊದಲು ಜಿಯುಝೈಗೌ ನೋಡಿ ಕಣಿವೆಯ ಬಾಗಿಲ ಬಳಿ ಮಲಗಿ, 3,500 ದಾಟುವ ಇನ್ನೊಂದು ಕಣಿವೆ ಹುವಾಂಗ್‌ಲಾಂಗ್ ಆಮೇಲೆ. ತಲೆನೋವಿನ ಜೊತೆ ವಾಂತಿ, ತೂರಾಟ, ಕೂತಲ್ಲೇ ಏದುಸಿರು ಕಂಡರೆ ತಡಮಾಡದೆ ಕೆಳಗಿಳಿಸಿ. ಮಾತ್ರೆಯ ವಿಷಯ ಊರಲ್ಲೇ ಡಾಕ್ಟರನ್ನು ಕೇಳಿಕೊಂಡು ಬನ್ನಿ. ಒಳಗೆ ಓಡಾಟ ಬಸ್ಸಿನಲ್ಲಿ. 2013ರ ಅ. 2ರಂದು ಬಸ್ಸಿಗೆ ಕಾದು ಬೇಸತ್ತವರು ರಸ್ತೆಗಿಳಿದರು, ಅದರಿಂದ ಬಸ್ಸುಗಳೇ ನಿಂತುಹೋಗಿ ನಾಲ್ಕು ಸಾವಿರಕ್ಕೂ ಹೆಚ್ಚು ಜನ ರಾತ್ರಿಯವರೆಗೆ ಸಿಕ್ಕಿಹಾಕಿಕೊಂಡರು. ಈಗ ದಿನಕ್ಕೆ 41,000 ಜನರ ಮಿತಿ ಇದೆ. ಆದರೂ ಮಧ್ಯಾಹ್ನ ಮೂರರೊಳಗೆ ವಾಪಸ್ ಬಸ್ ಹತ್ತಿಬಿಡಿ.

ಸತೀಶ್: ನಮ್ಮ ಹಿರಿಯರು ಹೇಳಿದ್ದೆಲ್ಲ ಸುಳ್ಳಾ ಹಾಗಾದ್ರೆ?

ಲೋಹಿತ್: ಅದಿರಲಿ. 2025ರ ಅಕ್ಟೋಬರ್ ರಜೆಯಲ್ಲಿ 88.8 ಕೋಟಿ ಜನ ತಿರುಗಾಡಿದ್ದಾರೆ! ಮಧ್ಯಮ ವರ್ಗ ಅಂದರೆ ಇದು. ದುಡ್ಡು ಬಂದಿದೆ, ಖರ್ಚು ಮಾಡ್ತಿದ್ದಾರೆ.

ಪ್ರಶಾಂತ್: ಜನ ಅಲ್ಲ, ಪ್ರಯಾಣ. ಒಬ್ಬನೇ ಮೂರು ಊರಿಗೆ ಮೂರು ಸಲ ಹೋದರೆ ಮೂರು. ದುಡ್ಡಿನ ಮಾತೂ ಪೂರ್ತಿ ಸರಿಯಲ್ಲ. 2024ರಲ್ಲಿ ಏಳು ದಿನಕ್ಕೆ 76.5 ಕೋಟಿ ಪ್ರಯಾಣ, ಒಂದಕ್ಕೆ ಸುಮಾರು 916 ಯುವಾನ್ ಖರ್ಚು. 2025ರಲ್ಲಿ ರಜೆ ಎಂಟು ದಿನ, ಆದರೂ ಸುಮಾರು 911. ಹೋಗುವವರು ಹೆಚ್ಚಾಗಿದ್ದಾರೆ, ಆದರೆ ಕೈ ಬಿಗಿ ಹಿಡಿದು ಹೋಗ್ತಿದ್ದಾರೆ. ದೊಡ್ಡ ಊರು ಬಿಟ್ಟು ಸಣ್ಣ ಊರಿಗೆ ಹೋಗ್ತಿದ್ದಾರೆ. 2023ರಲ್ಲಿ ಶಾನ್‌ಡಾಂಗ್‌ನ ಝಿಬೋಗೆ ಸುಟ್ಟ ಮಾಂಸದ ಕಡ್ಡಿ ತಿನ್ನೋಕೆ ಹೋದವರಿಗಾಗಿ ರೈಲ್ವೆಯವರು ವಿಶೇಷ ರೈಲೇ ಬಿಟ್ಟರು.

ಲೋಹಿತ್: ಬಡವರಾಗಿದ್ದರೆ ರೈಲು ತುಂಬುತ್ತಿತ್ತಾ?

ಪ್ರಶಾಂತ್: ಬಡವರು ಅಂತ ಎಲ್ಲಿ ಹೇಳಿದೆ? ಎಲ್ಲರೂ ಒಂದೇ ವಾರ ಹೊರಡೋದು ಯಾಕೆ ಅಂತ ಯೋಚಿಸಿ. ಹತ್ತು ವರ್ಷ ಸರ್ವೀಸ್ ಆಗುವವರೆಗೆ ಕಾನೂನಿನ ಪ್ರಕಾರ ಸಂಬಳದ ರಜೆ ವರ್ಷಕ್ಕೆ 5 ದಿನ. ಉಳಿದಿರೋದು ಸರ್ಕಾರಿ ರಜೆ, ಅದನ್ನೂ ಹಿಂದೆ ಮುಂದೆ ಶನಿವಾರ ಭಾನುವಾರ ದುಡಿಸಿಕೊಂಡು ಜೋಡಿಸುತ್ತಾರೆ. ಈ ವಾರದ ರಜೆ 1999ರಿಂದ ಇದೆ. 2012ರಿಂದ ಏಳು ಸೀಟಿನೊಳಗಿನ ಕಾರುಗಳಿಗೆ ಆ ದಿನಗಳಲ್ಲಿ ಹೆದ್ದಾರಿ ಸುಂಕವೂ ಇಲ್ಲ. ರಸ್ತೆ ಕಟ್ಟದೆ ಇನ್ನೇನಾಗುತ್ತೆ?

ಸತೀಶ್: ಅವರಿಗೆ ಸಾಲಲ್ಲಿ ನಿಲ್ಲೋ ಶಿಸ್ತೇ ಇಲ್ಲ, ಅದು ಕಾರಣ.

ಪ್ರಶಾಂತ್: ಭಾನುವಾರ ಬೆಳಗ್ಗೆ ನಂದಿಬೆಟ್ಟದ ರಸ್ತೆ ನೋಡಿ ಮಾತಾಡಿ.

ಸತೀಶ್: ನಿಮಗೆ ಚೀನಾದ ಮೇಲೆ ಯಾಕಿಷ್ಟು ಪ್ರೀತಿ?

ನಿರ್ವಾಹಕರು: ವಾದ ಬೇರೆ ಕಡೆ ಮಾಡಿ. ಇಲ್ಲಿ ಪ್ರಶ್ನೆ ಮಾತ್ರ.

ಮಂಜುಳಾ: ಸಸ್ಯಾಹಾರದ ಬಗ್ಗೆ ಕೇಳಿದ್ದೆ ಸರ್...

ಗಿರೀಶ್: ಬೀಜಿಂಗ್ ಅರಮನೆ ಟಿಕೆಟ್ ಗೇಟಲ್ಲಿ ಸಿಗುತ್ತಾ?

ಶ್ರೀಧರ್: ಇಲ್ಲ. 7 ದಿನ ಮೊದಲು ರಾತ್ರಿ 8ಕ್ಕೆ ಆನ್‌ಲೈನ್‌ನಲ್ಲಿ ಬಿಡುತ್ತಾರೆ, ಪಾಸ್‌ಪೋರ್ಟ್ ನಂಬರ್ ಮೇಲೆ, 60 ಯುವಾನ್. ತಿಯಾನನ್‌ಮೆನ್ ಚೌಕಕ್ಕೆ ದುಡ್ಡಿಲ್ಲ, ಆದರೆ ಅದಕ್ಕೂ ಬೇರೆ ಬುಕಿಂಗ್ ಬೇಕು.

ಗಿರೀಶ್: ಗೇಟಲ್ಲಿ ಯಾರಾದ್ರೂ ಬ್ಲ್ಯಾಕಲ್ಲಿ ಮಾರ್ತಾರಾ?

ಶ್ರೀಧರ್: ಟಿಕೆಟ್ ಪಾಸ್‌ಪೋರ್ಟ್ ನಂಬರಿಗೆ ಅಂತ ಈಗ ತಾನೇ ಬರೆದೆ.

ಸತೀಶ್: ಪಾಸ್‌ಪೋರ್ಟ್‌ನ ಫೋಟೋ ಫೋನಲ್ಲಿದ್ದರೆ ಸಾಕು, ಮೂಲ ರೂಮಲ್ಲಿ ಬಿಡಿ, ಕಳ್ಳತನ ಆಗುತ್ತೆ ಅಂತ ಇನ್ನೊಂದು ಮೆಸೇಜ್ ಬಂದಿದೆ.

ಶ್ರೀಧರ್: ಸಾಕಾಗಲ್ಲ. ರೈಲಿಗೂ ಅರಮನೆಗೂ ಮೂಲ ಪಾಸ್‌ಪೋರ್ಟ್ ಬೇಕು, ಅದೇ ನಿಮ್ಮ ಟಿಕೆಟ್. ಗೇಟಿನ ಯಂತ್ರ ಓದದಿದ್ದರೆ ಪಕ್ಕದಲ್ಲಿ ಸಿಬ್ಬಂದಿ ಇರುವ ಸಾಲಿಗೆ ಹೋಗಿ. ರೈಲು ಹೊರಡುವ ಹಲವು ನಿಮಿಷ ಮೊದಲೇ ಗೇಟು ಮುಚ್ಚುತ್ತಾರೆ, ರಜೆಯಲ್ಲಿ ಭದ್ರತಾ ತಪಾಸಣೆಯ ಸಾಲೇ ಅರ್ಧ ಗಂಟೆ. ಒಂದೂವರೆ ಗಂಟೆ ಮೊದಲು ನಿಲ್ದಾಣದಲ್ಲಿರಿ. ಸತೀಶ್, ಇನ್ನು ಮೆಸೇಜ್ ಹಾಕಬೇಡಿ.

ಅಶ್ವಿನಿ: ಸರ್, ಕೊನೆಯದು. ಅಪ್ಪ ಅಮ್ಮ ಬೆಂಗಳೂರಿಂದ ಪವರ್ ಬ್ಯಾಂಕ್ ತರ್ತಿದ್ದಾರೆ. 9ರ ಮೇಲೆ ಬೀಜಿಂಗ್‌ಗೆ ವಿಮಾನದಲ್ಲಿ ಹೋಗುವಾಗ ತೊಂದರೆ ಇಲ್ಲ ತಾನೇ?

ಶ್ರೀಧರ್: ತೊಂದರೆ ಇದೆ. 2025ರ ಜೂನ್ 28ರಿಂದ ಚೀನಾದ ಒಳಗಿನ ವಿಮಾನಗಳಲ್ಲಿ 3ಸಿ (CCC, ಚೀನಾದ ಸುರಕ್ಷತಾ ಪ್ರಮಾಣಪತ್ರದ) ಗುರುತು ಇಲ್ಲದ ಪವರ್ ಬ್ಯಾಂಕ್ ಒಯ್ಯಲು ಬಿಡಲ್ಲ. ಊರಲ್ಲಿ ಕೊಂಡದ್ದರಲ್ಲಿ ಆ ಗುರುತು ಸಾಮಾನ್ಯವಾಗಿ ಇರಲ್ಲ, ತಪಾಸಣೆಯಲ್ಲೇ ತೆಗೆದಿಡುತ್ತಾರೆ. ಪವರ್ ಬ್ಯಾಂಕ್ ಮೇಲೆ ಸಣ್ಣ ಅಂಡಾಕಾರದೊಳಗೆ ಆ ಗುರುತು ಅಚ್ಚಾಗಿರಬೇಕು, ಉಜ್ಜಿ ಅಳಿಸಿದ್ದರೂ ಬಿಡಲ್ಲ. 100 ವ್ಯಾಟ್‌ಅವರ್ ಒಳಗಿನದನ್ನು ಶಾಂಘೈನಲ್ಲೇ ಕೊಂಡು ಕೈಚೀಲದಲ್ಲಿ ಇಟ್ಟುಕೊಳ್ಳಿ, ಚೆಕ್ ಇನ್ ಬ್ಯಾಗಿಗೆ ಹಾಕಬೇಡಿ. ಊರಿಂದ ತಂದದ್ದನ್ನು ರೈಲಿನಲ್ಲಿ ಒಯ್ಯಬಹುದು.